ವಾನಳ್ಳಿಗೆ ಹೋದ ಕರೆ

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಈಗ ನಂಬುತ್ತೇನೆ ಎಂದೂ ಹೇಳುತ್ತಿಲ್ಲ. ಯಾರಾದರೂ ನನ್ನೆದುರು ಕುಳಿತು "ನನಗೊಮ್ಮೆ ಹೀಗಾಯ್ತು" ಎಂದು ಶುರು ಮಾಡಿದರೆ, "ಅವತ್ತೇ ಬರೆದಿಟ್ಟಿದ್ದೀರಾ?" ಎಂದು ಕೇಳುವುದು ನನ್ನ ಅಭ್ಯಾಸ. ಬಹಳ ಮಂದಿಗೆ ಅದರಿಂದ ಸಿಟ್ಟು ಬಂದಿದೆ. ಆದರೆ ನೆನಪು ಎನ್ನುವುದು ಹರಿದ ಬಟ್ಟೆಯನ್ನು ತಾನೇ ಹೊಲಿದುಕೊಂಡು, ಮೊದಲಿನಿಂದಲೂ ಹೀಗೇ ಇತ್ತು ಎಂದು ಸಾಧಿಸುವ ಜಾತಿಯದು. ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಾ ಬಂದ ನನಗೆ ಇದು ಚೆನ್ನಾಗಿ ಗೊತ್ತು. ಐದು ವರ್ಷದ ಹಿಂದಿನ ಪುಟ ತೆರೆದರೆ, ನಾನು ಆಣೆ ಮಾಡಿ ಹೇಳುತ್ತಿದ್ದ ಎಷ್ಟೋ ಮಾತು ಅಲ್ಲಿ ಬೇರೆಯೇ ಆಗಿರುತ್ತದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಯಾವುದು ಬರೆದಿಟ್ಟದ್ದು, ಯಾವುದು ಬರೀ ನೆನಪು ಎಂಬುದನ್ನು ಆದಷ್ಟು ಬೇರೆ ಮಾಡಿಯೇ ಹೇಳುತ್ತೇನೆ.

ನಾನು ಬನವಾಸಿ ಕಡೆಯವಳು. ಧಾರವಾಡದಲ್ಲಿ ಸಮಾಜಕಾರ್ಯ ಓದಿ, ಶಿರಸಿಯ ಒಂದು ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲೆ ಸಮಾಜ ಕಾರ್ಯಕರ್ತೆಯಾಗಿ ಸೇರಿದ್ದೆ. ಕೊರೊನಾದ ಎರಡನೇ ಅಲೆಯ ಹೊತ್ತಿಗೆ ನನ್ನ ಕೆಲಸ ಎಂದರೆ ಮುಖ್ಯವಾಗಿ ಫೋನು. ವಾರ್ಡಿನ ಒಳಗೆ ಮನೆಯವರಿಗೆ ಪ್ರವೇಶವಿರಲಿಲ್ಲ. ಸಿದ್ದಾಪುರದ ಒಳಹಳ್ಳಿಗಳಲ್ಲಿ, ಮಾಗೋಡಿನಲ್ಲಿ, ಎಲ್ಲೆಲ್ಲಿಯೋ ಕುಳಿತ ಮನೆಯವರಿಗೆ ದಿನಕ್ಕೊಮ್ಮೆ ಕರೆ ಮಾಡಿ, ಇವತ್ತು ಆಮ್ಲಜನಕ ಎಷ್ಟಿದೆ, ಗಂಜಿ ಕುಡಿದರೋ ಇಲ್ಲವೋ, ಏನು ಕೇಳಿದರು ಎಂದು ಹೇಳಬೇಕು. ಇಡೀ ವಾರ್ಡಿಗೆ ಒಂದೇ ಟ್ಯಾಬ್ ಇತ್ತು. ಅದರಲ್ಲಿ ಸರದಿಯ ಮೇಲೆ ಮನೆಯವರ ಮುಖ ತೋರಿಸಬೇಕು. ತೀರಿಕೊಂಡವರ ಚೀಲವನ್ನು ಮನೆಗೆ ಮುಟ್ಟಿಸುವುದೂ ನನ್ನ ಪಾಲಿಗೇ ಬರುತ್ತಿತ್ತು.

ಆ ದಿನಗಳಲ್ಲಿ ಆಸ್ಪತ್ರೆಯವರೆಂದು ಹೇಳಿಕೊಂಡು ರೋಗಿಗಳ ಮನೆಗೆ ಸುಳ್ಳು ಕರೆ ಮಾಡಿ ಹೆದರಿಸುವವರು ಹುಟ್ಟಿಕೊಂಡಿದ್ದರು. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ದಾಖಲಾಗುವಾಗಲೇ ಪ್ರತಿ ರೋಗಿಯಿಂದ ಒಂದು ಗುರುತಿನ ಮಾತು ಕೇಳಿ ನನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಅವರಿಗೂ ಮನೆಯವರಿಗೂ ಮಾತ್ರ ಗೊತ್ತಿರುವ ಏನಾದರೊಂದು: ಸತ್ತುಹೋದ ಎಮ್ಮೆಯ ಹೆಸರು, ಮಗಳನ್ನು ಸಣ್ಣವಳಿದ್ದಾಗ ಕರೆಯುತ್ತಿದ್ದ ರೀತಿ. ಕರೆ ಮಾಡಿದಾಗ ಮೊದಲು ಆ ಮಾತು ಹೇಳಿದರೆ ಮನೆಯವರಿಗೆ ಇದು ನಿಜವಾದ ಕರೆ ಎಂದು ಗೊತ್ತಾಗುತ್ತಿತ್ತು. ಈ ಪುಸ್ತಕವನ್ನು ನಾನು ಯಾರ ಕೈಗೂ ಕೊಡುತ್ತಿರಲಿಲ್ಲ. ನನ್ನ ಬಗಲಚೀಲದಲ್ಲೇ ಇರುತ್ತಿತ್ತು.

ವಾನಳ್ಳಿಯ ಸುಬ್ರಾಯ ಹೆಗಡೆಯವರ ಹೆಸರಿನ ಮುಂದೆ ಮಾತ್ರ ಆ ಜಾಗ ಖಾಲಿ ಉಳಿಯಿತು. ಅವರನ್ನು ಕರೆತಂದಾಗ ಒಂದು ಶಬ್ದ ಆಡುವುದಕ್ಕೂ ಉಸಿರಿರಲಿಲ್ಲ. ಅವರು ಮದುವೆ, ಮುಂಜಿಗಳಲ್ಲಿ ಅಡುಗೆ ಮಾಡುವವರು. ವಾಸನೆ ಹೋದದ್ದೇ ಮೊದಲ ಲಕ್ಷಣವಂತೆ. ಒಲೆಯ ಮುಂದೆ ನಿಂತು, "ಇವತ್ತು ಯಾವುದಕ್ಕೂ ಪರಿಮಳವೇ ಇಲ್ಲ" ಎಂದರಂತೆ. ಇದನ್ನು ಹೇಳಿದವರು ಅವರ ಹೆಂಡತಿ ಭಾಗೀರಥಿ. ಅವರ ಮನೆಯಲ್ಲಿ ಮೊಬೈಲ್ ಹಿಡಿಯುವುದಿಲ್ಲ, ಹಳೆಯ ಸ್ಥಿರ ದೂರವಾಣಿ ಇದೆ. ಕೇಸ್ ಪೇಪರಿನಲ್ಲಿದ್ದದ್ದು ಭಾಗೀರಥಿಯವರ ತಮ್ಮನ ಮೊಬೈಲ್ ಸಂಖ್ಯೆ. ಮನೆಯ ಸಂಖ್ಯೆಯನ್ನು ಎರಡನೇ ದಿನ ಭಾಗೀರಥಿಯವರೇ ನನಗೆ ಹೇಳಿದರು, ನಾನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಬೇರೆಲ್ಲೂ ಬರೆಯಲಿಲ್ಲ. ಗುರುತಿನ ಮಾತಿಲ್ಲದೆ ಅವರು ನನ್ನನ್ನು ನಂಬಿದ್ದು ಸ್ವರದ ಮೇಲೆ. "ನಿಮ್ಮ ಸ್ವರ ಒಂದು ಸಲ ಕೇಳಿದ್ರೆ ಮರ್ತು ಹೋಗ್ತಿಲ್ಲೆ ತಂಗಿ, ಮೂಗಿನಲ್ಲಿ ಸ್ವಲ್ಪ ಗಂಟೆ ಹೊಡೆದ ಹಾಂಗೆ ಇದ್ದು" ಎಂದರು. ನನಗೆ ಅದು ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ. ನಕ್ಕೆ.

ಅವರಿಗೆ ಗಂಡನ ಮುಖ ನೋಡಬೇಕಿತ್ತು. ವಿಡಿಯೊ ಕರೆಗೆ ಅವರು ತಮ್ಮನ ಫೋನು ಇಸಕೊಂಡು, ಶಾಲೆಯ ಹಿಂದಿನ ದಿಬ್ಬ ಹತ್ತಬೇಕು. ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ಟ್ಯಾಬಿನ ಸರದಿ ನೋಡಿ ನಾನು ಮೂರನೇ ದಿನದ ಬದಲು ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದು ಗಂಟೆ ಎಂದು ಹೇಳಿದ್ದೆ. "ಅಡ್ಡಿಲ್ಲೆ" ಎಂದಿದ್ದರು. ಈ ಹನ್ನೊಂದು ಗಂಟೆ ನನ್ನ ಪುಸ್ತಕದಲ್ಲಿದೆ, ನೀಲಿ ಶಾಯಿಯಲ್ಲಿ, ಎರಡು ಗೆರೆ ಎಳೆದು.

ಮೂರನೇ ದಿನ ಬೆಳಿಗ್ಗೆ ನಾನು ಆಸ್ಪತ್ರೆಯಲ್ಲಿರಲಿಲ್ಲ. ಸಿದ್ದಾಪುರ ತಾಲೂಕಿನ ನಿಲ್ಕುಂದದ ಕಡೆ ಒಂದು ಮನೆಗೆ ಚೀಲ ಮುಟ್ಟಿಸಲು ಆಸ್ಪತ್ರೆಯ ಜೀಪಿನಲ್ಲಿ ಹೋಗಿದ್ದೆ. ಹಿಂದಿನ ದಿನ ತೀರಿಕೊಂಡ ಒಬ್ಬರ ಲುಂಗಿ, ಕನ್ನಡಕ, ಅರ್ಧ ಖಾಲಿಯಾದ ಎಲೆಯಡಿಕೆಯ ಸಂಚಿ ಅದರಲ್ಲಿತ್ತು. ಆ ಮನೆಯವರಿಗೂ ವಿಡಿಯೊ ಕರೆಗೆ ನಾನು "ನಾಳೆ" ಎಂದಿದ್ದೆ. ಆ ನಾಳೆ ಬರುವ ಮೊದಲೇ ಅವರು ಹೋಗಿಬಿಟ್ಟಿದ್ದರು. ಅಂಗಳದಲ್ಲಿ ದೂರ ನಿಂತು ಚೀಲವನ್ನು ಜಗಲಿಯ ಮೇಲಿಟ್ಟೆ. ಅವರ ಮಗಳು ಅಳಲಿಲ್ಲ, ಬೈಯಲಿಲ್ಲ. "ನೀವು ನಾಳೆ ಅಂದಿದ್ರಿ ಅಲ್ಲವಾ?" ಎಂದಳು, ಅಷ್ಟೇ. ಇನ್ನು ಮೇಲೆ ಯಾರಿಗೂ ನಾಳೆ ಎನ್ನಬಾರದು ಎಂದು ಆ ಅಂಗಳದಲ್ಲಿ ನಿಂತೇ ಅಂದುಕೊಂಡೆ. ಆಗ ನನ್ನ ಕಣ್ಣ ಮುಂದೆ ಬಂದದ್ದು ವಾನಳ್ಳಿಯ ಹನ್ನೊಂದು ಗಂಟೆ. ಇದು ದಿನಚರಿಯಲ್ಲಿದೆ. ಆಗ ಗಂಟೆ ಎಷ್ಟಾಗಿತ್ತು ಎಂಬುದು ದಿನಚರಿಯಲ್ಲಿಲ್ಲ. ಹತ್ತೂವರೆಯ ಆಸುಪಾಸು ಎಂದು ನನ್ನ ನೆನಪು. ಫೋನು ತೆಗೆದು ನೋಡಿದ್ದೆ. ಸಿಗ್ನಲ್ ಒಂದು ಕಡ್ಡಿಯೂ ಇರಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ಕುಳಿತಲ್ಲೇ ನಿದ್ದೆ ಹೋದೆ. ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಎರಡಾಗಿತ್ತು.

ಸರಿಯಾಗಿ ಮೂರು ಗಂಟೆಗೆ ನನ್ನ ಮೊಬೈಲಿಗೆ ಭಾಗೀರಥಿಯವರ ತಮ್ಮನ ಸಂಖ್ಯೆಯಿಂದ ಕರೆ ಬಂತು. ಗಾಳಿಯ ಸದ್ದು, ಏದುಸಿರು.

"ದಿಬ್ಬಕ್ಕೆ ಬಂದು ಮುಟ್ಟಿದೆ ತಂಗಿ. ಎಲ್ಲಿ, ತೋರಿಸಿ ಇವರನ್ನ."

"ಅಕ್ಕಾರ, ನಾಳೆ ಹನ್ನೊಂದಕ್ಕಲ್ಲೇನ್ರಿ?"

"ನೀವೇ ಬೆಳಿಗ್ಗೆ ಹತ್ತೂವರೆಗೆ ಫೋನ್ ಮಾಡಿ ಇವತ್ತೇ ಮೂರಕ್ಕೆ ಬನ್ನಿ ಹೇಳಿದ್ದಲ್ದಾ? ನಾಳೆಗೆ ಇಡೂದು ಬೇಡ ಹೇಳಿ?"

ನಾನು ಮಾಡಿರಲಿಲ್ಲ. ಹಾಗೆಂದು ಹೇಳಿದೆ.

ನನಗೆ ಮೊದಲು ಬಂದದ್ದು ಸಂಶಯ, ಅದೂ ಕೆಟ್ಟ ಸಂಶಯ. ಸುಳ್ಳು ಕರೆಯವರು ಇವರ ಮನೆಯನ್ನೂ ಹೊಕ್ಕರು ಎಂದುಕೊಂಡೆ. ಹಾಗೇನಾದರೂ ಆದರೆ ಮೊದಲು ವೈದ್ಯರಿಗೆ ತಿಳಿಸಬೇಕು, ವಿಚಾರಣೆ ಮುಗಿಯುವವರೆಗೆ ಆ ಸಂಖ್ಯೆಗೆ ಏನೂ ಹೇಳಬಾರದು, ಏನೂ ತೋರಿಸಬಾರದು. ಇದು ನಾನೇ ಬರೆದುಕೊಟ್ಟ ನಿಯಮ. "ಅಕ್ಕಾರ, ಈಗ ಮನೀಗೆ ಹೋಗ್ರಿ, ನಾ ವಿಚಾರಿಸಿ..." ಎಂದು ಶುರು ಮಾಡಿದವಳು ಮುಂದಿನ ಶಬ್ದ ಬಾಯಿಗೆ ಬರುತ್ತಿದ್ದಂತೆ ನಿಂತೆ. ಆ ಶಬ್ದ "ನಾಳೆ" ಆಗಿತ್ತು.

ಬದಲಿಗೆ ಕೇಳಿದೆ. "ಬೆಳಿಗ್ಗೆ ಮಾತಾಡಿದವರು ಗುರುತಿನ ಮಾತು ಏನರ ಹೇಳಿದ್ರೇನು?"

"ಹೇಳಿದ್ರು. ಅದ್ಕೇ ನಂಬಿದ್ದು. ಅದು ಈ ಭೂಮಿ ಮೇಲೆ ಇಬ್ಬರಿಗೆ ಮಾತ್ರ ಗೊತ್ತು, ಅವರಿಗೆ, ಯಂಗೆ."

ಪುಸ್ತಕ ತೆಗೆದು ನೋಡಿದೆ. ಸುಬ್ರಾಯ ಹೆಗಡೆ, ಗುರುತಿನ ಮಾತು: ಖಾಲಿ. ಸರಿಯೋ ತಪ್ಪೋ ಹೇಳುವುದಕ್ಕೆ ನನ್ನ ಬಳಿ ಏನೂ ಇರಲಿಲ್ಲ. ಇನ್ನು ಉಳಿದಿದ್ದ ದಾರಿ ಒಂದೇ, ಅವರನ್ನೇ ಕೇಳುವುದು. ದಿಬ್ಬದಿಂದ ಇಳಿಯಬೇಡಿ ಎಂದು ಹೇಳಿ, ಪಿಪಿಇ ಕಿಟ್ ತೊಟ್ಟು, ಟ್ಯಾಬ್ ಹಿಡಿದು ಒಳಗೆ ಹೋದೆ.

ಹೆಗಡೆಯವರು ಎಚ್ಚರವಿದ್ದರು. ಆಮ್ಲಜನಕದ ಮಾಸ್ಕು ಮುಖಕ್ಕೆ ಬಿಗಿದಿತ್ತು. ಹಿಂದಿನ ಎರಡು ದಿನಕ್ಕಿಂತ ಕಣ್ಣು ಚುರುಕಾಗಿತ್ತು. ಅವರ ಕಿವಿಯ ಹತ್ತಿರ ಬಗ್ಗಿ, ನಾನು ಯಾರು ಎಂದು ಹೇಳಿ, ಮನೆಯವರಿಗೆ ಹೇಳಲು ಒಂದು ಗುರುತಿನ ಮಾತು ಬೇಕಿತ್ತು ಎಂದೆ. ಅವರು ಮಾಸ್ಕನ್ನು ಒಂದು ಬೆರಳಿನಷ್ಟು ಎತ್ತಿದರು. ಮುಖದಲ್ಲಿ ಸಣ್ಣ ಬೇಸರವಿತ್ತು, ಒಂದೇ ಐಟಮ್ಮು ಎರಡು ಸಲ ಕೇಳುವ ಬಡಿಸುವವನ ಮೇಲೆ ಬರುವಂಥದ್ದು.

"ಬೆಳಿಗ್ಗೆನೇ ಹೇಳಿದ್ನಲ ತಂಗಿ. ಉಪ್ಪಿಲ್ದ ಹುಳಿ."

ಬೆಳಿಗ್ಗೆ ನಾನು ನಿಲ್ಕುಂದದಲ್ಲಿದ್ದೆ. ಅದನ್ನು ಅವರಿಗೆ ಹೇಳುವ ಹೊತ್ತು ಅದಾಗಿರಲಿಲ್ಲ. ಟ್ಯಾಬಿನಲ್ಲಿ ಕರೆ ಹಚ್ಚಿ, ಮುಖ ತೋರಿಸುವ ಮೊದಲು ಭಾಗೀರಥಿಯವರಿಗೆ, "ಬೆಳಿಗ್ಗೆ ಕೇಳಿದ ಮಾತು ಹೇಳ್ರಿ" ಎಂದೆ. "ಉಪ್ಪಿಲ್ದ ಹುಳಿ" ಎಂದರು. ಟ್ಯಾಬನ್ನು ತಿರುಗಿಸಿ ಹಿಡಿದೆ.

ಗಂಡ ಹೆಂಡತಿ ಮುಖ ನೋಡಿಕೊಂಡರು. ಆಮೇಲೆ ಹೆಗಡೆಯವರು ಮಾಸ್ಕಿನೊಳಗಿನಿಂದಲೇ ಕೇಳಿದರು.

"ಉಪ್ಪು ಹಾಕಿದ್ಯನೇ?"

"ಹಾಕಿ ಆತು. ನಿಂಗ ಬಂದು ನೋಡಿ."

"ವಾಸನೆನೇ ಬತ್ತಿಲ್ಲೆ ಮಾರಾಯ್ತಿ. ನೋಡೂದು ಹ್ಯಾಂಗೆ?"

"ಆನು ನೋಡಿ ಹೇಳ್ತೆ. ಅವತ್ತೂ ಆನೇ ಅಲ್ದಾ ನೋಡಿದ್ದು?"

ಹೆಗಡೆಯವರು ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು, ಯಂತ್ರ ಕೂಗಿತು, ಸಿಸ್ಟರ್ ಓಡಿ ಬಂದರು. ಅದು ನಿಂತ ಮೇಲೆ ಮತ್ತೆರಡು ನಿಮಿಷ ಮಾತಾಡಿದರು. ಒಲೆಗೆ ಹಸಿ ಸೌದೆ ಹಾಕಬೇಡ, ಹೊಗೆಗೆ ನಿನ್ನ ಕಣ್ಣು ಉರಿಯುತ್ತದೆ ಎಂದರು. ದೊಡ್ಡ ಸೌಟನ್ನು ಯಾರಿಗೂ ಎರವಲು ಕೊಡಬೇಡ ಎಂದರು. ಕಡೆಗೆ ಕೈ ಎತ್ತಿ, ಪಂಕ್ತಿಯಲ್ಲಿ ಸಾಕು ಎನ್ನುವಾಗ ಎಲೆಯ ಮೇಲೆ ಅಡ್ಡ ಹಿಡಿಯುತ್ತಾರಲ್ಲ, ಹಾಗೆ ಹಿಡಿದರು. ಭಾಗೀರಥಿಯವರಿಗೆ ಅರ್ಥವಾಯಿತು. ನಾನು ಟ್ಯಾಬ್ ಆರಿಸಿದೆ.

ಅವತ್ತು ಸಂಜೆ ಆರರ ಹೊತ್ತಿಗೆ ಅವರ ಉಸಿರು ಕುಸಿಯಿತು. ಗಂಟಲಿಗೆ ನಳಿಗೆ ಹಾಕಿದರು. ಮರುದಿನ ಹನ್ನೊಂದು ಗಂಟೆಗೆ, ನನ್ನ ಪುಸ್ತಕದಲ್ಲಿ ಎರಡು ಗೆರೆ ಎಳೆದ ಆ ಹೊತ್ತಿನಲ್ಲಿ, ಅವರಿಗೆ ಪ್ರಜ್ಞೆ ಇರಲಿಲ್ಲ. ಅದು ಮತ್ತೆ ಬರಲೂ ಇಲ್ಲ. ಅದಾಗಿ ಎರಡು ದಿನಕ್ಕೆ ತೀರಿಕೊಂಡರು. ಅವರ ಚೀಲವನ್ನು ಭಾಗೀರಥಿಯವರ ತಮ್ಮನೇ ಬಂದು ಒಯ್ದರು.

ಉಪ್ಪಿಲ್ಲದ ಹುಳಿಯ ಕತೆಯನ್ನು ಆಮೇಲೆ ಭಾಗೀರಥಿಯವರೇ ಫೋನಿನಲ್ಲಿ ಹೇಳಿದರು. ಮದುವೆಯಾದ ಹೊಸತರಲ್ಲಿ, ಸಿದ್ದಾಪುರದ ಕಡೆ ಒಂದು ದೊಡ್ಡ ಮದುವೆಯ ಅಡುಗೆ ಹಿಡಿದಿದ್ದರಂತೆ. ನೈವೇದ್ಯಕ್ಕೆ ಮೊದಲು ಅಡುಗೆಯನ್ನು ನಾಲಿಗೆಗೆ ತಾಗಿಸುವಂತಿಲ್ಲ, ಉಪ್ಪಿನ ಹದವನ್ನು ವಾಸನೆಯಿಂದಲೇ ಹಿಡಿಯಬೇಕು. ಕೈಯಾಸರೆಗೆ ಹೋಗಿದ್ದ ಭಾಗೀರಥಿ ಕಡಾಯಿಯ ಪಕ್ಕ ಹಾಯುವಾಗ ನಿಂತು, "ಇದಕ್ಕೆ ಉಪ್ಪೇ ಬಿದ್ದಿಲ್ಲೆ" ಎಂದು ಪಿಸುಗುಟ್ಟಿದರಂತೆ. ಎಲೆ ಹಾಕಿ ಆಗಿತ್ತು. ಯಾರಿಗೂ ಕಾಣದ ಹಾಗೆ ಇಬ್ಬರೂ ಸೇರಿ ಉಪ್ಪು ಕದಡಿದರು. ಅಡುಗೆಯವನ ಹೆಸರು ಉಳಿಯಿತು. ಇದನ್ನು ಸಾಯುವವರೆಗೆ ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ಒಲೆಯ ಮುಂದೆ ಮಾತಾಗಿತ್ತು.

ಹಾಗಾದರೆ ಕರೆ ಮಾಡಿದ್ದು ಯಾರು? ನಾನು ಮೊದಲು ಹಿಡಿದದ್ದು ಸಿಸ್ಟರ್ ಲೂಸಿಯವರನ್ನು. ಅವತ್ತು ಬೆಳಗಿನ ಪಾಳಿ ಅವರದು. ಇದಕ್ಕೊಂದು ಕಾರಣವಿತ್ತು. ಕಿಟ್ ತೊಟ್ಟ ಮೇಲೆ ಯಾರು ಯಾರೆಂದು ಗೊತ್ತಾಗದೆ ಇರುವುದರಿಂದ ನಾವು ಎದೆಯ ಮೇಲೆ ಮಾರ್ಕರಿನಿಂದ ಹೆಸರು ಬರೆದುಕೊಳ್ಳುತ್ತಿದ್ದೆವು. ಸಮಯ ಉಳಿಸಲು ನಾನು ಹಿಂದಿನ ಸಂಜೆಯೇ ಹೆಸರು ಬರೆದ ಗೌನೊಂದನ್ನು ಕಪಾಟಿನ ಮೇಲೆ ಮಡಚಿಡುತ್ತಿದ್ದೆ. ಹಾಗೆ ಮಾಡಬಾರದು, ತಪ್ಪು ನನ್ನದೇ. ಅದನ್ನು ಯಾರಾದರೂ ಅವಸರದಲ್ಲಿ ತೊಟ್ಟು ಒಳಗೆ ಹೋಗಿದ್ದರೆ ಹೆಗಡೆಯವರು ನಾನೇ ಎಂದುಕೊಂಡಾರು. ಲೂಸಿಯವರು ಹೊನ್ನಾವರದವರು, ಎತ್ತರದ ಆಳು. ಸೊಂಟದ ಮೇಲೆ ಕೈಯಿಟ್ಟು, "ನಿನ್ನ ಗೌನು ನನ್ನ ಒಂದು ತೋಳಿಗೂ ಸಾಲೋದಿಲ್ಲ ಮಾರಾಯ್ತಿ! ನನ್ನನ್ನ ಕಳ್ಳಿ ಮಾಡೋಕೆ ಬಂದ್ಯಾ?" ಎಂದರು. ಆಮೇಲೆ ದನಿ ತಗ್ಗಿಸಿ, "ನಿದ್ದೆ ಮಾಡಿ ಎಷ್ಟು ದಿನ ಆಯ್ತು ನೀನು?" ಎಂದು ಕೇಳಿದರು. ಆ ಪ್ರಶ್ನೆ ನನಗೆ ಇಷ್ಟವಾಗಲಿಲ್ಲ. ಮಡಚಿಟ್ಟ ಗೌನು ಮಾತ್ರ ಕಪಾಟಿನ ಮೇಲೆ ಇರಲಿಲ್ಲ. ಮಧ್ಯಾಹ್ನ ಅವಸರದಲ್ಲಿ ನಾನೇ ತೊಟ್ಟದ್ದು ಅದನ್ನೋ, ಹೊಸದನ್ನೋ? ನೆನಪಿಲ್ಲ. ಇದನ್ನು ಬರೆದಿಟ್ಟಿಲ್ಲ.

ಯಾರೋ ಗೌನು ತೊಟ್ಟರು ಎಂದೇ ಇಟ್ಟುಕೊಳ್ಳೋಣ. ಅವರಿಗೆ ವಾನಳ್ಳಿಯ ಮನೆಯ ಸಂಖ್ಯೆ ಎಲ್ಲಿಂದ ಸಿಕ್ಕಿತು? ಪುಸ್ತಕ ನನ್ನ ಬಗಲಚೀಲದಲ್ಲಿ, ಬಗಲಚೀಲ ನನ್ನ ಜೊತೆ ನಿಲ್ಕುಂದದಲ್ಲಿ. ಹೆಗಡೆಯವರೇ ಸಂಖ್ಯೆ ಹೇಳಿದ್ದರೆ? ಆಗಬಹುದು. ಆದರೆ ಸ್ವರ? ಆ ಬಗ್ಗೆ ಭಾಗೀರಥಿಯವರನ್ನು ಮೂರು ಸಲ, ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಮೂರು ಸಲವೂ ಒಂದೇ ಉತ್ತರ: ಸ್ವರ ನಿಮ್ಮದೇ. ಮೂರನೇ ಸಲ ಮಾತ್ರ ಒಂದನ್ನು ಸೇರಿಸಿದರು. "ಆದ್ರೆ ಮಾತು ಯಂಗಳ ಕಡೆದು. 'ಆನು ಆಸ್ಪತ್ರೆಯಿಂದ' ಹೇಳಿಯೇ ಶುರು ಮಾಡಿದ್ದು. ಇವರು ಇದನ್ನ ಯಾವಾಗ ಕಲಿತ್ರಪ್ಪಾ ಹೇಳಿ ಆಶ್ಚರ್ಯ ಆತು ಯಂಗೆ." ನಾನು ಎನ್ನುವುದಕ್ಕೆ ಆನು ಎನ್ನುವ ಅವರ ಮನೆಮಾತು ನನಗೆ ಕೇಳಿದರೆ ತಿಳಿಯುತ್ತದೆ, ಆಡಲು ಬರುವುದಿಲ್ಲ. ಆಡಲು ಹೋದಾಗೆಲ್ಲ ವಾರ್ಡಿನವರು ನಕ್ಕಿದ್ದಾರೆ.

ವೈದ್ಯರು ಬರವಣಿಗೆಯಲ್ಲಿ ವಿವರಣೆ ಕೇಳಿದರು. ಅರ್ಧ ಪುಟ ಬರೆದುಕೊಟ್ಟೆ. ಆಸ್ಪತ್ರೆಯ ದೂರವಾಣಿಯಿಂದ ಹೊರಗೆ ಹೋದ ಕರೆಗಳ ಪಟ್ಟಿ ಅಲ್ಲಿ ಯಾರೂ ಇಡುತ್ತಿರಲಿಲ್ಲ. ನನ್ನ ಮೊಬೈಲಿನ ಪಟ್ಟಿಯಲ್ಲಿ ಬೆಳಿಗ್ಗೆ ಎಂಟರಿಂದ ಎರಡರವರೆಗೆ ಒಂದು ಕರೆಯೂ ಇಲ್ಲ. ಜೀಪಿನ ಚಾಲಕನನ್ನು ಕೇಳಿದೆ. "ಮೇಡಂ, ಬರೋವಾಗ ನೀವು ಕುತ್ತಿಗೆ ಮುರಿದ ಕೋಳಿ ಹಾಂಗೆ ಮಲಗಿದ್ರಿ, ಸಿದ್ದಾಪುರದಲ್ಲಿ ಚಾ ಕುಡೀಲಿಕ್ಕೂ ಏಳಲಿಲ್ಲ" ಎಂದ. ನಿದ್ದೆಯಲ್ಲಿ ಏನಾದರೂ ಮಾತಾಡಿದೆನಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವನು ಹೌದು ಎಂದರೆ ಏನು ಮಾಡುವುದು ಎಂದು ಹೆದರಿದ್ದೆನೋ ಏನೋ.

ನನ್ನ ಮೇಲೂ ನನಗೆ ಸಂಶಯವಿದೆ, ಅದನ್ನು ಮುಚ್ಚಿಡುವುದಿಲ್ಲ. ನಿಲ್ಕುಂದದ ಅಂಗಳ, ವಾನಳ್ಳಿಯ ಕರೆ, ಎರಡೂ ಹತ್ತೂವರೆಗೆ ಎಂದು ನಾನು ಹೇಳುತ್ತಿರುವುದು, ಹಾಗೆ ಇದ್ದರೆ ಚೆನ್ನ ಎಂದು ಆಮೇಲೆ ಜೋಡಿಸಿಕೊಂಡದ್ದಿರಬಹುದು. ಹೆಗಡೆಯವರ "ಬೆಳಿಗ್ಗೆನೇ" ಎನ್ನುವುದು ಜ್ವರದ ಮಾತಿರಬಹುದು. ಭಾಗೀರಥಿಯವರು ಮೂರು ದಿನ ನಿದ್ದೆಯಿಲ್ಲದೆ ಕಾಯುತ್ತಾ ಫೋನಿನ ಪಕ್ಕದಲ್ಲೇ ಕನಸು ಕಂಡಿರಬಹುದು. ಆದರೆ ಇಬ್ಬರ ಕನಸಿನಲ್ಲೂ ಒಂದೇ ಹುಳಿ ಕುದಿಯಿತು ಎಂದು ಬರೆಯುವುದಕ್ಕೆ ನನ್ನ ಕೈ ಏಳುವುದಿಲ್ಲ. ಅದೂ ಅಲ್ಲದೆ, ಆ ಕರೆಯನ್ನು ಸುಳ್ಳೆಂದು ಹೇಳಿ ನಾನು ಅವರನ್ನು ದಿಬ್ಬದಿಂದ ಇಳಿಸಿಬಿಟ್ಟಿದ್ದರೆ, ನಿಯಮದ ಪ್ರಕಾರ ಸರಿಯಾದದ್ದನ್ನೇ ಮಾಡಿದಂತಾಗುತ್ತಿತ್ತು.

ಆರು ತಿಂಗಳ ನಂತರ ಯಾವುದೋ ಕಾಗದಕ್ಕೆ ಸಹಿ ಬೇಕೆಂದು ಭಾಗೀರಥಿಯವರು ಆಸ್ಪತ್ರೆಗೆ ಬಂದರು. ಅದೇ ಮೊದಲ ಸಲ ನಾವು ಎದುರಾಬದುರು ನೋಡಿಕೊಂಡದ್ದು. ಸಣ್ಣ ಹೆಂಗಸು, ದೊಡ್ಡ ಕನ್ನಡಕ. ನಾನು ಮಾತಾಡುವವರೆಗೆ ಗುರುತು ಹಿಡಿಯಲಿಲ್ಲ. ನಾನು "ಬರ್ರಿ ಅಕ್ಕಾರ" ಎಂದ ಕೂಡಲೇ ನನ್ನ ಕೈ ಹಿಡಿದು, "ಇದೇ ಸ್ವರ" ಎಂದರು. ಆಮೇಲೆ ಚೀಲದಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು. ಗೋಡೆಯ ಕ್ಯಾಲೆಂಡರಿನ ಒಂದು ತಿಂಗಳ ಹಾಳೆ. ಹಾಲು ಕೊಂಡದ್ದು, ಗ್ಯಾಸು ಬಂದದ್ದು ಎಲ್ಲವನ್ನೂ ಅವರು ಅದರ ಚೌಕಗಳಲ್ಲೇ ಬರೆಯುತ್ತಾರೆ. ಆ ದಿನದ ಚೌಕದಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣ ಅಕ್ಷರ: "೧೦-೩೦. ಆಸ್ಪತ್ರೆ ತಂಗಿ. ಇವತ್ತೇ ೩ಕ್ಕೆ."

"ನಿಜ ಹೇಳಿ. ಮಾಡಿದ್ದು ನೀವೇ ಅಲ್ದಾ?"

ಹೌದು ಎಂದರೆ ಅವರಿಗೆ ಸಮಾಧಾನವಾಗುತ್ತಿತ್ತು. ನನಗೆ ಗೊತ್ತಿಲ್ಲ ಎಂದೆ.

"ಅಡ್ಡಿಲ್ಲೆ. ನಿಮ್ಮ ಪುಸ್ತಕದಲ್ಲಿ ಒಂದು ಸಾಲು ಬರ್ಕಳಿ. ಆ ಕರೆ ಬಂದಿತ್ತು ಹೇಳಿ ಎರಡು ಕಡೆ ಇರ್ಲಿ. ಇಲ್ದಿದ್ರೆ ಮುಂದೆ ಯಂಗೇ ಸಂಶಯ ಬಪ್ಪುಲೆ ಶುರುವಾಗ್ತು."

ಪುಸ್ತಕ ತೆಗೆದೆ. ಆ ದಿನದ ಪುಟ ತೆರೆದೆ. ಪೆನ್ನಿನ ಮುಚ್ಚಳವನ್ನೂ ತೆಗೆದೆ. ಆದರೆ ನಾನು ಮಾಡದ ಕರೆಯನ್ನು ನನ್ನ ಅಕ್ಷರದಲ್ಲಿ ಬರೆಯಲು ಆಗಲಿಲ್ಲ. ಅವರಿಗೆ ಬೇಜಾರಾಗಲಿಲ್ಲ. ಕ್ಯಾಲೆಂಡರ್ ಹಾಳೆಯನ್ನು ನನ್ನ ಪುಟದ ನಡುವೆ ಇಟ್ಟು, ಪುಸ್ತಕವನ್ನು ತಾವೇ ಮುಚ್ಚಿದರು. ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದರು.

ಅವೆರಡೂ ಈಗಲೂ ಹಾಗೇ ಇವೆ. ಒಂದರಲ್ಲಿ ಕರೆ ಇದೆ, ಇನ್ನೊಂದರಲ್ಲಿ ಇಲ್ಲ. ಎರಡನ್ನೂ ಅವತ್ತೇ ಬರೆದಿಟ್ಟದ್ದು. ಎರಡರಲ್ಲಿ ಒಂದು ಸುಳ್ಳಾಗಿರಲೇಬೇಕು. ಅದು ನನ್ನದೇ ಆಗಿರಲಿ ಎಂದು ಕೆಲವು ದಿನ ಅನಿಸುತ್ತದೆ.